ಆಮ್ಲಕ್ಕೆ ತಾಗದ ಕೊಳವೆ

ಗಾಜಿನ ಕೊಳವೆಯೊಂದರ ತುದಿ ಆಮ್ಲದಲ್ಲಿ ಮುಳುಗಿರಬೇಕೋ, ಮೇಲೆಯೇ ನಿಲ್ಲಬೇಕೋ ಎಂಬುದು ಲೋಕದ ಗಂಭೀರ ಪ್ರಶ್ನೆಗಳಲ್ಲಿ ಒಂದು. ಹೀಗೆನ್ನುವ ಅಧಿಕಾರ ನನಗಿದೆ. ನಾನು ಒಂದು ಸತುವಿನ ಬ್ಲಾಕು; ಮರದ ತುಂಡಿಗೆ ಮೊಳೆ ಹೊಡೆದು ಕೂರಿಸಿದ ಅಚ್ಚಿನ ಚಿತ್ರ.

ಹುಟ್ಟಿದ್ದು ಗದಗಿನಲ್ಲಿ, ಆಮ್ಲದ ತೊಟ್ಟಿಯಲ್ಲಿ. ಬೇಡದ ಸತುವನ್ನೆಲ್ಲ ಆಮ್ಲ ತಿಂದುಹಾಕಿತು. ಉಳಿದ ಗೆರೆಗಳೇ ನಾನು: ಜಲಜನಕ ತಯಾರಿಸುವ ಸೀಸೆ, ಅದರ ಬಾಯಿಗೆ ಉದ್ದ ಕೊಳವೆಯ ಆಲಿಕೆ. ಹೈಸ್ಕೂಲಿಗೆ ರಸಾಯನಶಾಸ್ತ್ರದ ಪುಸ್ತಕ ಬರೆದ ಹೂಲಿ ಮಾಸ್ತರರು ಪ್ರೂಫು ನೋಡಲು ಧಾರವಾಡದಿಂದ ಬಸ್ಸಿನಲ್ಲಿ ಬಂದರು. ಮೊದಲು ನೋಡಿದ್ದು ತಮ್ಮ ಹೆಸರಿನ ಮುಂದೆ ಎಂ.ಎಸ್ಸಿ. ಬಿದ್ದಿದೆಯೇ ಎಂದು. ಬಿದ್ದಿರಲಿಲ್ಲ. ಆ ಗದ್ದಲದಲ್ಲಿ ನನ್ನ ಮೇಲೆ ಕಣ್ಣಾಡಿಸಿ ಸಹಿ ಹಾಕಿಬಿಟ್ಟರು. ಚಿತ್ರಗಾರ ಕೊಳವೆಯನ್ನು ಆಮ್ಲದಿಂದ ಮೇಲೆಯೇ ನಿಲ್ಲಿಸಿದ್ದ. ಹಾಗಿದ್ದರೆ ಹುಟ್ಟಿದ ಅನಿಲವೆಲ್ಲ ಆಲಿಕೆಯ ದಾರಿ ಹಿಡಿದು ಹೊರಟುಹೋಗುತ್ತದೆ.

ಪುಸ್ತಕ ಬಹಳ ಓಡಲಿಲ್ಲ; ಹಳ್ಳಿಯ ಒಂದೆರಡು ಶಾಲೆಗಳು ಮಾತ್ರ ಬಿಡದೆ ತರಿಸಿಕೊಂಡವು. ಮುದ್ರಣಾಲಯಕ್ಕೆ ಹೊಸ ಯಂತ್ರ ಬಂದಾಗ ಬ್ಲಾಕುಗಳೆಲ್ಲ ಗುಜರಿಗೆ ಹೊರಟವು. ಮಾಸ್ತರರು ನೆನಪಿಗೆಂದು ನನ್ನೊಬ್ಬನನ್ನು ಎತ್ತಿಕೊಂಡರು. ಅಂದಿನಿಂದ ಕಾಗದ ಹಾರದಂತೆ ಕೂರುವುದೇ ನನ್ನ ಉದ್ಯೋಗ.

ಒಂದು ಬೇಸಿಗೆ ಅವರು ಮೌಲ್ಯಮಾಪನಕ್ಕೆ ಮುಖ್ಯ ಪರೀಕ್ಷಕರಾಗಿ ಹೋದರು. ಫ್ಯಾನಿನ ಗಾಳಿಗೆ ನಾನೂ ಜೊತೆಗೆ. ಹಳ್ಳಿಯ ಶಾಲೆಯೊಂದರ ಕಟ್ಟು ಬಿಚ್ಚಿದರು; ಜಲಜನಕ ತಯಾರಿಕೆಯ ಚಿತ್ರ ಬರೆಯಿರಿ ಎಂಬುದು ಪ್ರಶ್ನೆ. ಮೊದಲ ಹುಡುಗಿಯ ಕೊಳವೆ ಆಮ್ಲಕ್ಕೆ ತಾಗಿರಲಿಲ್ಲ; ಅಂಕ ಕತ್ತರಿಸಿದರು. ಎರಡನೆಯವನದೂ ಹಾಗೇ. ಕಟ್ಟು ಮುಗಿಯುವ ಹೊತ್ತಿಗೆ ಅವರ ಮುಖ ಕೆಂಪಗಾಗಿತ್ತು. ಎಲ್ಲರೂ ಒಂದೇ ತಪ್ಪು ಮಾಡಬೇಕಾದರೆ ಇದು ಸಾಮೂಹಿಕ ನಕಲೇ ಸರಿ, ಇಡೀ ಶಾಲೆಯ ಫಲಿತಾಂಶ ತಡೆಹಿಡಿಯಬೇಕು ಎಂದು ವರದಿ ಬರೆದು, ಅದರ ಮೇಲೆ ನನ್ನನ್ನೇ ಇಟ್ಟರು.

ಓದಲೆಂದು ಸಹಪರೀಕ್ಷಕಿ ದೇಸಾಯಿ ಬಾಯಾರು ನನ್ನನ್ನೆತ್ತಿದರು. ಬೆರಳಿಗೆ ಗೆರೆ ತಾಗಿರಬೇಕು, ತಿರುಗಿಸಿ ನೋಡಿದರು. ನನ್ನನ್ನು ಶಾಯಿಪ್ಯಾಡಿಗೆ ಒತ್ತಿ, ವರದಿಯ ಕೆಳಗೆ ಒಂದು ಅಚ್ಚು ಹಾಕಿ ಮುಂದೆ ಸರಿಸಿದರು.

“ಹುಡುಗ್ರು ಕಾಪಿ ಮಾಡಿದ್ದು ಖರೆ ಅದ ಸರ,” ಅಂದರು. “ಸಾಕ್ಷಿ ಲಗತ್ತಿಸೇನಿ.”

ಮಾಸ್ತರರು ಅಚ್ಚನ್ನೂ ನನ್ನನ್ನೂ ತಾಳೆ ನೋಡಿದರು.

“ಈ ಚಿತ್ರ ತಗದವರ್ಯಾರು?”

“ಯಾರರೆ ತಗದಿರಲಿ. ಪ್ರೂಫಿಗೆ ಸಹಿ ಯಾರದು?”

ಮಾಸ್ತರರು ವರದಿ ಹರಿದರು. ಕೊಳವೆ ಮುಳುಗಿಸಿದವರಿಗೂ ಮುಳುಗಿಸದವರಿಗೂ ಪೂರ್ತಿ ಅಂಕ ಕೊಡಿ ಎಂದರು.

ಈಗ ಮಾಸ್ತರರಿಗೆ ನಿವೃತ್ತಿಯಾಗಿದೆ. ಅವರ ಮೇಜಿನ ಮೂಲೆಯಲ್ಲಿ ನಾನು ಮುಖ ಮೇಲೆ ಮಾಡಿ ಕೂತಿದ್ದೇನೆ. ಮಗುಚಿಡಲು ಅವರು ಯಾರಿಗೂ ಬಿಡುವುದಿಲ್ಲ. ಮುಂದಿನ ಮುದ್ರಣದಲ್ಲಿ ಕೊಳವೆ ಉದ್ದವಾಯಿತು. ಆ ಶಾಲೆಯ ಫಲಿತಾಂಶ ಉಳಿದವರ ಜೊತೆಗೇ ಬಂತು.