ಅತ್ತೆಯ ಹೆಸರು

ಮಧ್ಯಾಹ್ನ ಮೂರರಿಂದ ಐದಾರು ಸಲ ಮನೆ ಮುಂದಿನ ಗ್ಯಾಲರಿಗೆ ಹೋಗಿ ಬಂದೆ. ಇಂಗ್ಲೆಂಡಿನ ಕೋರ್ಟಿನಲ್ಲಿ ನನ್ನ ಸೊಸೆ ಸೋನಾಲಿಯ ವೀಸಾ ಕೇಸಿನ ತೀರ್ಪು ಇವತ್ತೇ. ವಕೀಲರು ಫೋನ್ ಮಾಡುತ್ತಾರಂತೆ. ಅವಳು ಫೋನ್ ಮುಂದಿಟ್ಟುಕೊಂಡು ಮೆಂತ್ಯ ಸೊಪ್ಪು ಸೋಸುತ್ತ ಕೂತಿದ್ದಳು. ನನಗೆ ಹಾಗೆ ಕೂರಲಾಗದು. ಕೆಲಸ ಕೆಡಿಸಿದವಳು ನಾನು.

ಸೋನಾಲಿ ನರ್ಸು. ತವರಿನವರು ಅವಳಿಗೆ ಇಟ್ಟಿದ್ದ ಹೆಸರೂ ತೀರಿಹೋದ ನನ್ನ ಅತ್ತೆಯ ಹೆಸರೂ ಒಂದೇ. ಅತ್ತೆಯ ಹೆಸರನ್ನು ನಾವು ಬಾಯಿಬಿಟ್ಟು ಹೇಳುವುದಿಲ್ಲ. ಅಂಥ ಹೆಸರು ಹಿಡಿದು ಸೊಸೆಯನ್ನು ದಿನಾ ಹೇಗೆ ಕೂಗಲಿ? ಮದುವೆಯ ದಿನ ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ಹೊಸ ಹೆಸರು ಬರೆಸಿದೆ. ಪಾಸ್‌ಪೋರ್ಟೂ ಸೋನಾಲಿ ಎಂದೇ ಆಯಿತು. ನರ್ಸಿಂಗ್ ಸರ್ಟಿಫಿಕೇಟಿನಲ್ಲಿ ಮಾತ್ರ ಹಳೆಯ ಹೆಸರು ಉಳಿಯಿತು.

ಒಂದು ವರ್ಷ ಇಂಗ್ಲೆಂಡಿನ ಆಸ್ಪತ್ರೆಯಲ್ಲಿ ದುಡಿದು ಅವಳು ರಜೆಗೆ ಜೋಗೇಶ್ವರಿಯ ನಮ್ಮ ಚಾಳಿಗೆ ಬಂದಿದ್ದಳು. ಅವಳು ಬಜಾರಿಗೆ ಹೋಗಿದ್ದಾಗ ನನ್ನ ಮೊಬೈಲಿಗೆ ಫೋನ್ ಬಂತು. ಯಾರೋ ಗಂಡಸು ಕನ್ನಡದಲ್ಲೇ ಆ ಹೆಸರು ಹೇಳಿ, ಇವರು ಇದ್ದಾರೆಯೇ ಎಂದ. ಊರಿನ ಮತದಾರರ ಪಟ್ಟಿಯವರು ಎಂದುಕೊಂಡೆ. ತೀರಿಕೊಂಡು ಹನ್ನೆರಡು ವರ್ಷವಾಯಿತು ಎಂದೆ. ಆಮೇಲೆ ಮರೆತೇಬಿಟ್ಟೆ.

ಹದಿನೈದು ದಿನಕ್ಕೆ ವೀಸಾ ರದ್ದಾಯಿತು. ಸತ್ತವಳ ಸರ್ಟಿಫಿಕೇಟು ಬಳಸಿದ್ದಾಳಂತೆ. ಮಗ ಸುಭಾಷ ಕಾಗದ ಓದುತ್ತ, "ವೀಸಾ ಆಫೀಸಿನವ್ರಿಗೆ ಮನ್ಯಾಗಿನ ಹಿರೇ ಹೆಣಮಗಳು ಫೋನಿನ್ಯಾಗ ಹೇಳ್ಯಾಳಂತ" ಎಂದಾಗ ನನಗೆ ಆ ಫೋನ್ ನೆನಪಾಯಿತು. ಇಬ್ಬರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಈ ಐದು ತಿಂಗಳಲ್ಲಿ ಒಂದು ದಿನವೂ ನಾನು ಸಮಾಧಾನದಿಂದ ಉಂಡಿಲ್ಲ.

ನಾಲ್ಕೂವರೆಗೆ ಫೋನ್ ಬಂತು. ಸೋನಾಲಿ ಇಂಗ್ಲಿಷಿನಲ್ಲಿ ಮಾತಾಡಿ ಇಟ್ಟಳು.

"ಏನಂದ್ರವಾ? ವೀಸಾ ಬಂತೇನು?"

"ಇಲ್ರಿ ಅತ್ತಿ. ಕೋರ್ಟು ವೀಸಾ ಕೊಡೂದಿಲ್ಲ. ಆಫೀಸರ್ ಸರಿಯಾಗಿ ವಿಚಾರಣಿ ಮಾಡ್ಯಾನೋ ಇಲ್ಲೋ, ಅಷ್ಟ ನೋಡ್ತದ. ನನ್ನ ಒಂದ್ ಮಾತೂ ಕೇಳದ ರದ್ದು ಮಾಡಿದ್ದು ತಪ್ಪಂತ. ಆ ಆರ್ಡರ್ ಕ್ಯಾನ್ಸಲ್. ಎಲ್ಲಾ ಮೊದಲಿಂದ ವಿಚಾರಿಸಬೇಕಂತ."

"ಮತ್ತ ಫೋನ್ ಮಾಡ್ತಾರೇನು?"

"ಮಾಡಬಹುದು. ನಿಮಗ." ಅವಳು ನನ್ನ ಮುಖ ನೋಡಲಿಲ್ಲ. "ಆಸ್ಪತ್ರ್ಯಾಗ ನನ್ನ ಜಾಗಾ ಈ ತಿಂಗಳ ಕಡೀತನಕ ಅಷ್ಟ ಇಡ್ತಾರ."

ಅಂದಿನಿಂದ ಫೋನ್ ಸೆರಗಿನಲ್ಲೇ ಕಟ್ಟಿಕೊಂಡು ಓಡಾಡಿದೆ. ಸ್ನಾನಕ್ಕೆ ಹೋದರೆ ಅದು ಬಾಗಿಲ ಹೊರಗೆ ಸ್ಟೂಲಿನ ಮೇಲೆ. ಗ್ಯಾಸಿನವರು, ಇನ್ಶೂರೆನ್ಸಿನವರು, ರಾಂಗ್ ನಂಬರಿನವರು, ಎಲ್ಲರಿಗೂ ಹಲೋ ಎಂದೆ. ಅತ್ತೆಯ ಫೋಟೋದ ಮುಂದೆ ನಿಂತು ಆ ಹೆಸರು ಹೇಳಿ ನೋಡಿದೆ. ನಾಲಿಗೆ ಹೊರಳಲಿಲ್ಲ, ನಲವತ್ತು ವರ್ಷದ ರೂಢಿ. ಸಿಟ್ಟು ಬಂತು, ಯಾರ ಮೇಲೆಂದು ತಿಳಿಯಲಿಲ್ಲ.

ಒಂಬತ್ತನೆಯ ದಿನ ಬೆಳಿಗ್ಗೆ ಅದೇ ಗಂಡಸಿನ ದನಿ. ಎದುರಿಗೆ ಅಕ್ಕಿ ತೊಳೆಯುತ್ತಿದ್ದ ಸೋನಾಲಿಯ ಕೈ ನಿಂತಿತು. ನಿಮ್ಮ ಸೊಸೆಯ ಮದುವೆಗೆ ಮುಂಚಿನ ಹೆಸರೇನು ಎಂದು ಅವನು ಕೇಳಿದ. ನಾನು ಗೋಡೆಯ ಫೋಟೋಗೆ ಬೆನ್ನು ಮಾಡಿ ನಿಂತೆ.

"ಮಹಾದೇವಿ," ಎಂದೆ. ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಿ ಎಂದ.

ಚಾಳಿನ ಆ ತುದಿಗೂ ಕೇಳುವ ಹಾಗೆ ಹೇಳಿದೆ.

"ಮಹಾದೇವಿ. ನನ್ನ ಸೊಸಿ. ಜೀವಂತ ಅದಾಳ, ನನ್ನ ಮುಂದನ ಅಕ್ಕಿ ತೊಳ್ಯಾಕತ್ತಾಳ."