ಹುಳದ ಪಂಚಾಂಗ

ಬೇಯಿಸಿದ ರೇಷ್ಮೆಗೂಡಿನ ವಾಸನೆ, ಅದೇ, ಸಂಶಯವೇ ಬೇಡ, ಆಸ್ಪತ್ರೆಯ ಏಸಿ ಗಾಳಿಯಲ್ಲಿ ಫಿನಾಯಿಲನ್ನೂ ಮೀರಿಸಿಕೊಂಡು ಬರುತ್ತಿದೆ, ಸಾಲಿನಲ್ಲಿ ಯಾರೋ ಶಿಡ್ಲಘಟ್ಟದವರು, ರೇಷ್ಮೆ ಬಿಚ್ಚುವ ಕೆಲಸದಿಂದ ನೇರ ಎದ್ದು ಬಂದವರು, ಪಕ್ಕದ ಕುರ್ಚಿಯ ರೂಪ ದುಪಟ್ಟಾ ಮೂಗಿನವರೆಗೆ ಎಳೆದುಕೊಂಡಳು, ಎಳೆದುಕೊಳ್ಳಲಿ ಪಾಪ, ಅವಳದು ಮುದ್ದೇನಹಳ್ಳಿ, ಅವಳಿಗೇನು ಗೊತ್ತು, ತಾಹಿರಾಗೆ ಮಾತ್ರ ಅದು ಅಬ್ಬಾನ ಬನಿಯನ್ನಿನ ವಾಸನೆ, ಮೂವತ್ತು ವರ್ಷ ಬಿಸಿನೀರಿನ ಬಾಣಲೆಯಲ್ಲಿ ಕೈಯಾಡಿಸಿ ಬೆರಳ ತುದಿಯ ತೊಗಲೆಲ್ಲ ಬೆಂದುಹೋದ ಅಬ್ದುಲ್ ರಹೀಮ್, ಆಧಾರ್ ಯಂತ್ರದ ಮುಂದೆ ಹೆಬ್ಬೆಟ್ಟು ಇಟ್ಟರೆ ಯಂತ್ರಕ್ಕೇ ಗುರುತು ಸಿಗದ ಅಬ್ಬಾ, ನೀನು ಮಾತ್ರ ಈ ನೀರಿಗೆ ಕೈ ಹಾಕಬೇಡ ಬೇಟಾ ಎಂದು ಓದಿಸಿದವನು — ಅಲ್ಲಾ, ಸ್ಕ್ಯಾನಿಂಗ್ ಕೌಂಟರಿನ ಈ ಕುರ್ಚಿಗೆ ಸಾವಿರ ಶುಕ್ರಿಯಾ, ಈ ತಣ್ಣನೆ ಗಾಳಿಗೆ, ಒಣಗಿದ ಈ ಹತ್ತು ಬೆರಳಿಗೆ. ಟೋಕನ್ ಮೂವತ್ತೆಂಟು ಬನ್ನಿ, ಚೀಟಿ ಕೊಡಿ, ಹೊಟ್ಟೆ ಸ್ಕ್ಯಾನಿಂಗ್, ಶುಕ್ರವಾರ ಬೆಳಗ್ಗೆ ಒಂಬತ್ತಕ್ಕೆ, ಊಟ ತಿಂಡಿ ಮಾಡಬಾರದು ತಾತ, ನೀಳ್ಳು ತಾಗಾಲಾ ವದ್ದಾ ಎಂದು ತಾತ ತೆಲುಗಿನಲ್ಲಿ ಕೇಳುತ್ತಾನೆ, ತಾಗಂಡಿ ತಾತಾ, ನೀರು ಹೊಟ್ಟೆ ತುಂಬ ಕುಡಿದು ಬನ್ನಿ, ಒಂದಕ್ಕೆ ಮಾತ್ರ ಹೋಗಬೇಡಿ, ತಾತ ನಾಚಿಕೊಂಡು ನಕ್ಕ, ಬಾಯಲ್ಲಿ ಎರಡೇ ಹಲ್ಲು. ಅವಳೂ ನಕ್ಕಳು, ನಗುತ್ತಲೇ ಕಣ್ಣು ಮತ್ತೆ ಎರಡನೇ ನಂಬರಿನ ರೂಮಿನ ಬಾಗಿಲಿಗೆ ಹೋಯಿತು, ಮುಚ್ಚಿದೆ, ದಿಬ್ಬೂರಹಳ್ಳಿಯ ಅಶ್ವತ್ಥಮ್ಮ ಒಳಗೆ ಹೋಗಿ ಹನ್ನೆರಡು ನಿಮಿಷವಾಯಿತು, ಎದೆಯ ಗಂಟು ಒಳ್ಳೆಯದೋ ಕೆಟ್ಟದ್ದೋ ಡಾಕ್ಟರ್ ಮೌನಿಕಾ ನೋಡುತ್ತಿದ್ದಾರೆ.

ಹನ್ನೆರಡು ನಿಮಿಷ ಏನು ಮಹಾ, ಕೆಲವರದು ಅರ್ಧ ಗಂಟೆ ಆಗುತ್ತೆ, ಜಾಸ್ತಿ ಹೊತ್ತಾದರೆ ಕೆಟ್ಟದ್ದೇ ಅಂತ ಎಲ್ಲಿ ಬರೆದಿದೆ, ನಾಲ್ಕು ವರ್ಷದಿಂದ ಇಲ್ಲಿ ಕೂತಿದ್ದೀಯ ಇಷ್ಟೂ ಗೊತ್ತಿಲ್ಲವೇನೇ ಎಂದು ತನ್ನನ್ನೇ ಬೈದುಕೊಂಡಳು. ನಾಲ್ಕು ವರ್ಷ. ಬಂದ ಹೊಸದರಲ್ಲಿ ಒಂದೇ ರೂಮಿಗೆ ಇಬ್ಬರನ್ನು ಒಂದೇ ಹೊತ್ತಿಗೆ ಹಾಕಿ ಬೈಸಿಕೊಂಡಿದ್ದೇನು, ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದವಳು ಈ ರೂಪಾನೇ, ಬಾಯಿ ಜೋರು, ಮನಸ್ಸು ಬೆಣ್ಣೆ, ಅವಳ ಋಣ ತೀರಿಸೋಕಾಗಲ್ಲ, ಆದರೆ ಒಂದು ಪಾಠ ಮಾತ್ರ ರೂಪ ಕಲಿಸಿದ್ದಲ್ಲ, ತಾಹಿರಾಳೇ ರೂಪಾಗೆ ಕಲಿಸಿದ್ದು. ಹಳ್ಳಿಯವರಿಗೆ ತಾರೀಖು ಕೊಟ್ಟರೆ ಬರುತ್ತಿರಲಿಲ್ಲ, ಹತ್ತು ಜನರಲ್ಲಿ ನಾಲ್ಕು ಜನ ಬರುತ್ತಿರಲಿಲ್ಲ, ಈ ಜನ ಹಿಂಗೇ ಕಣೇ ಜವಾಬ್ದಾರಿ ಇಲ್ಲ ಎಂದು ರೂಪ ಗೊಣಗುತ್ತಿದ್ದಳು, ಜವಾಬ್ದಾರಿ ಇಲ್ಲದ್ದಲ್ಲ, ಹುಳ. ಮನೆಯಲ್ಲಿ ರೇಷ್ಮೆ ಹುಳ ನಾಲ್ಕನೇ ಸಲ ಪೊರೆ ಬಿಟ್ಟು ಎದ್ದಿತೆಂದರೆ ಮುಗಿಯಿತು, ನಾಲ್ಕನೇ ಜ್ವರ ಎದ್ದಿದೆ ಅನ್ನುತ್ತಾರೆ ಅದಕ್ಕೆ, ಆಮೇಲೆ ಒಂದು ವಾರ ಅದು ರಾಕ್ಷಸನ ಹಾಗೆ ತಿನ್ನುತ್ತದೆ, ಮನೆ ಮಂದಿಯೆಲ್ಲ ಸೊಪ್ಪು ತರುವುದು, ಹಾಕುವುದು, ಮತ್ತೆ ತರುವುದು, ಆ ಹೊತ್ತಿನಲ್ಲಿ ಹೆಂಗಸು ತನ್ನ ಎದೆನೋವೋ ಹೊಟ್ಟೆನೋವೋ ಹೇಳಿಕೊಂಡು ಬಸ್ ಹತ್ತುತ್ತಾಳೆಯೇ. ಗೂಡು ಬಿಚ್ಚುವ ರೀಲರ್ ಮಗಳಾದ ತಾಹಿರಾಗೆ ಇದು ಹೇಳಿಕೊಡಬೇಕಿಲ್ಲ, ಅದಕ್ಕೇ ಚೀಟಿ ನೋಡುವ ಮೊದಲೇ ಕೇಳುತ್ತಾಳೆ, ಅಮ್ಮಾ ಹುಳ ಎಷ್ಟನೇ ಜ್ವರ, ಬೆರಳು ಎಣಿಸುತ್ತಾಳೆ, ಗೂಡು ಕಟ್ಟೋಕೆ ಇಷ್ಟು ದಿನ, ಬಿಡಿಸೋಕೆ ಇಷ್ಟು, ಮಾರ್ಕೆಟ್ಟಿಗೆ ಒಂದು ದಿನ, ಅದರ ಮಾರನೆ ದಿನಕ್ಕೆ ತಾರೀಖು, ಆವಾಗಿನಿಂದ ತಪ್ಪಿಸುವವರೇ ಇಲ್ಲ. ಬಂತಪ್ಪ ಇವಳ ಹುಳದ ಪಂಚಾಂಗ ಎಂದು ರೂಪ ರೇಗಿಸುತ್ತಾಳೆ, ರೇಗಿಸಲಿ, ಹಳ್ಳಿ ಹೆಂಗಸರು ಇದೇ ಕಿಟಕಿ ಹುಡುಕಿಕೊಂಡು ಬಂದು ತಾಹಿರಮ್ಮ ಇದ್ದಾರಾ ಅನ್ನುತ್ತಾರೆ, ಆ ಅಮ್ಮ ಅನ್ನುವುದೊಂದು ಕೇಳಿದರೆ ಸಾಕು, ಮಧ್ಯಾಹ್ನದವರೆಗೆ ಹಸಿವೇ ಆಗುವುದಿಲ್ಲ.

ಹದಿನಾರು ನಿಮಿಷ. ಆ ಪಂಚಾಂಗವೇ ಅವಳ ಕಣ್ಣಿಗೆ ಮಣ್ಣೆರಚಿತಲ್ಲ, ಸೋಮವಾರ, ಇದೇ ಕಿಟಕಿ, ಗಾಜಿನ ಕೆಳಗೆ ಚೀಟಿ ತೂರಿಸುವ ಈ ಅರ್ಧಚಂದ್ರದ ಕಿಂಡಿ, ಅದರೊಳಗೆ ಒಂದು ಕೈ ಬಂತು, ಹಸಿರು ಬಳೆ, ಚೀಟಿಯಲ್ಲಿ ಎಡ ಎದೆಯಲ್ಲಿ ಗಂಟು ಎಂದು ಡಾಕ್ಟರ ಬರಹ, ಮಾರನೆ ದಿನ ಹತ್ತಕ್ಕೆ ಜಾಗ ಇತ್ತು, ಇತ್ತು ಕಣೇ, ಖಾಲಿ ಇತ್ತು, ಆದರೆ ಅಶ್ವತ್ಥಮ್ಮ ನಾಳೆ ಆಗಕಿಲ್ಲ ಕಣಮ್ಮ ಅಂದಳು, ಹುಳ ನಾಕನೇ ಜ್ವರ ಎದ್ದೈತೆ, ಗೂಡು ಬಿಡಿಸಿ ಮಾರೋಗಂಟ ಬರಕಾಗಲ್ಲ, ದೂರಕ್ಕೆ ಹಾಕು. ತಾಹಿರಾ ಎಣಿಸಿದಳು, ಎಣಿಸುವುದೆಂದರೆ ಅವಳಿಗೆ ಅಷ್ಟು ಹೆಮ್ಮೆ, ಹದಿನೇಳು ದಿನ ಆಚೆಗೆ ಹಾಕಿದಳು, ಪ್ರಿಂಟು ಕೊಟ್ಟಳು, ಕೈ ಚೀಟಿ ತೆಗೆದುಕೊಂಡು ಹೋಯಿತು, ಮುಂದಿನ ಟೋಕನ್ ಬನ್ನಿ. ಕೈ ಹೋಯಿತು, ಕಣ್ಣಿನಿಂದ ಹೋಗಲಿಲ್ಲ. ಏನೋ ಸರಿಯಿಲ್ಲ ಅನ್ನಿಸಿತ್ತು, ಏನೆಂದು ಗೊತ್ತಾಗಲಿಲ್ಲ, ಸಾರಿನಲ್ಲಿ ಉಪ್ಪು ಕಮ್ಮಿಯಾದ ಹಾಗೆ ಸಂಜೆಯವರೆಗೆ ನಾಲಿಗೆ ಮೇಲೆ ಉಳಿಯಿತು.

ಗೊತ್ತಾದದ್ದು ನಿನ್ನೆ ಬೆಳಗ್ಗೆ, ಶಿಡ್ಲಘಟ್ಟದ ಬಸ್ಸಿನಲ್ಲಿ. ಮುಂದಿನ ಸೀಟಿನ ಕಂಬಿ ಹಿಡಿದು ನಿಂತ ಹೆಂಗಸಿನ ಹೆಬ್ಬೆಟ್ಟು, ತೋರುಬೆರಳು ಕಪ್ಪಗೆ ಅಂಟು ಹಿಡಿದಿದ್ದವು, ಹಿಪ್ಪುನೇರಳೆ ಸೊಪ್ಪಿನ ಹಾಲು, ಹುಳ ಇರುವ ಮನೆಯ ಹೆಂಗಸರ ಬೆರಳೆಲ್ಲ ಹಾಗೇ, ಸೋಪು ಹಾಕಿ ಉಜ್ಜಿದರೂ ಹೋಗುವುದಿಲ್ಲ, ಉಗುರ ಸಂದಿಯಲ್ಲಿ ವಾರಗಟ್ಟಲೆ ಇರುತ್ತದೆ — ಅಶ್ವತ್ಥಮ್ಮನ ಬೆರಳು ಬಿಳಿ. ಕಿಂಡಿಯೊಳಗೆ ಬಂದ ಐದು ಬೆರಳೂ ತೊಳೆದ ಅಕ್ಕಿಯ ಹಾಗೆ. ಹುಳ ಇಲ್ಲ ಮನೆಯಲ್ಲಿ, ಸೊಪ್ಪು ಮುಟ್ಟಿ ಎಷ್ಟೋ ದಿನವಾಗಿದೆ, ಹೆಂಗಸು ಹೆದರಿ ಸುಳ್ಳು ಹೇಳಿದ್ದಾಳೆ, ಬೇರೆ ಯಾವ ಗುಮಾಸ್ತೆಯ ಹತ್ತಿರವೂ ನಡೆಯದ ಸುಳ್ಳು, ಹುಳ ಅಂದರೆ ಕರಗಿಬಿಡುವ ತಾಹಿರಾ ಹತ್ತಿರ ಮಾತ್ರ ನಡೆಯುವಂಥದ್ದು, ರೂಪಾಳ ಕೈಗೆ ಸಿಕ್ಕಿದ್ದರೆ ನಾಳೆ ಹತ್ತಕ್ಕೆ ಬಾ ಎಂದು ಗದರಿ ಕಳಿಸಿರುತ್ತಿದ್ದಳು. ಬಸ್ಸಿನಲ್ಲೇ ಕಿವಿಯೆಲ್ಲ ಬಿಸಿಯಾಯಿತು, ಬುದ್ಧಿವಂತೆ ಅಂದುಕೊಂಡಿದ್ದೆಯಲ್ಲ, ಹದಿನೇಳು ದಿನ, ಗಂಟು ಹುಳದ ಲೆಕ್ಕ ಕೇಳುತ್ತದೆಯೇ.

ಆಗ ನೆನಪಾದದ್ದು ಅಮ್ಮಿ. ಇದೇ ಥರ, ಇದೊಂದು ಲಾಟು ಗೂಡು ಬಿಚ್ಚಿ ಮುಗೀಲಿ, ತಡ ಮಾಡಿದರೆ ಚಿಟ್ಟೆ ಒಡೆದು ಬಂದುಬಿಡುತ್ತವೆ ಎಂದು ಹೊಟ್ಟೆನೋವನ್ನು ಮೂರು ಸಲ ಮುಂದಕ್ಕೆ ಹಾಕಿದವಳು, ಆಗ ಕೋಲಾರದ ಕಡೆಯ ಯಾವುದೋ ಆಸ್ಪತ್ರೆಯಿಂದ ಒಂದು ಹೆಂಗಸಿನ ದನಿ ಫೋನ್ ಮಾಡಿ, ಯಾಕಮ್ಮ ಬರಲಿಲ್ಲ, ನಾಳೆ ಬರದಿದ್ದರೆ ನಾನೇ ಮನೆಗೆ ಬರ್ತೀನಿ ಅಂದಿತು, ಅಮ್ಮಿ ಹೋದಳು, ಪಿತ್ತಕೋಶದ ತುಂಬ ಕಲ್ಲು, ಕೀವು, ಇನ್ನೆರಡು ದಿನ ಬಿಟ್ಟಿದ್ದರೆ ಕಷ್ಟ ಇತ್ತು ಅಂದರು. ಆ ದನಿಯ ಹೆಸರು ಮನೆಯಲ್ಲಿ ಯಾರೂ ಕೇಳಲಿಲ್ಲ. ಅಮ್ಮಿ ಇವತ್ತೂ ಬೆಳಗ್ಗೆ ಡಬ್ಬಿಗೆ ಪುದೀನಾ ಚಟ್ನಿ ಹಾಕಿ ಕೊಟ್ಟಳು, ಖಾರ ಜಾಸ್ತಿ, ಅವತ್ತು ಫೋನ್ ಮಾಡಿದ ಹೆಸರಿಲ್ಲದ ಆ ತಾಯಿ ಎಲ್ಲಿದ್ದರೂ ಅವಳ ಹೊಟ್ಟೆ ತಣ್ಣಗಿರಲಿ, ಈ ಚಟ್ನಿ ಅವಳು ಕೊಟ್ಟದ್ದೇ.

ಹತ್ತೊಂಬತ್ತು. ನಿನ್ನೆ ಬಸ್ ಇಳಿದವಳೇ ರಿಜಿಸ್ಟರಿನಲ್ಲಿದ್ದ ಅಶ್ವತ್ಥಮ್ಮನ ನಂಬರಿಗೆ ಹಚ್ಚಿದಳು, ಮೂರನೇ ಸಲಕ್ಕೆ ಒಂದು ಗಂಡಸಿನ ದನಿ, ಗಂಡ ರಾಮಾಂಜಿನಪ್ಪ, ಯಾರು ಯಾವ ಊರು ಎಂದಿತು, ಆಸ್ಪತ್ರೆ ಅನ್ನುವ ಮಾತು ತುದಿ ನಾಲಿಗೆಗೆ ಬಂದಿತ್ತು, ನುಂಗಿದಳು, ಹೆಂಡತಿ ಮನೆಯಲ್ಲಿ ಹೇಳಿದ್ದಾಳೋ ಇಲ್ಲವೋ, ಯಜಮಾನ್ರೇ ಹುಳ ಎಷ್ಟನೇ ಜ್ವರ ಎಂದು ಅಭ್ಯಾಸಬಲದಲ್ಲಿ ಕೇಳಿಬಿಟ್ಟಳು. ಹುಳ ಎಲ್ಲಿ ಬಂತಮ್ಮ, ಗೂಡು ಮಾರಿ ಇಪ್ಪತ್ತು ದಿನ ಆಯ್ತು, ಮನೆ ತೊಳೆದು ಸುಣ್ಣ ಹೊಡ್ದಿದ್ದೀವಿ, ಗುರುವಾರಕ್ಕೆ ಮರಿ ಬರ್ತವೆ, ನೀನ್ಯಾರು ರೀಲರ್ರಾ. ಹೌದು, ಶಿಡ್ಲಘಟ್ಟದ ಅಬ್ದುಲ್ ರಹೀಮ್ ಅವರ ಮಗಳು ಅಂದಳು, ಸುಳ್ಳೇನಲ್ಲವಲ್ಲ, ಅಮ್ಮನಿಗೆ ಒಂಚೂರು ಫೋನ್ ಕೊಡಿ. ಗೂಡಿನ ಮಾತು ಹೆಂಗಸ್ರ ಹತ್ರ ಏನು ಎಂದು ಗೊಣಗಿಕೊಂಡೇ ಕೊಟ್ಟ, ಪುಣ್ಯಾತ್ಮ. ಆ ಕಡೆ ಬಳೆಯ ಸದ್ದು. ಅಮ್ಮಾ, ಕಿಟಕಿಯ ತಾಹಿರಾ, ನಿಮ್ಮ ಬೆರಳು ನೋಡಿದೆ ನಾನು. ಕೋಳಿ ಕೂಗಿದ್ದು ಕೇಳಿಸಿತು, ಪಾತ್ರೆ ಸದ್ದು, ಆಮೇಲೆ ಹಿತ್ತಲಿಗೆ ನಡೆದು ಬಂದಳೇನೋ, ದನಿ ಇಳಿಸಿ ಕೇಳಿದಳು, ನಮ್ಮಕ್ಕ ವೆಂಕಟರತ್ನಮ್ಮ ಇದ್ರಲ್ಲೇ ಹೋದ್ಲು ಕಣಮ್ಮ, ನೋಡಿಸ್ದೆ ಇದ್ರೆ ಇಲ್ಲ ಅಂತಾನೇ ಅನ್ಕೊಂಡಿರ್ಬೋದು, ನಾನು ಬಂದ್ರೆ ನೀನಿರ್ತೀಯಾ ಅಲ್ಲಿ. ಇರ್ತೀನಿ ಅಂದಳು. ಡಾಕ್ಟರ್ ಮೌನಿಕಾ ಹತ್ತಿರ ಹೋಗಿ ಮೇಡಂ ತಪ್ಪು ನನ್ನದು ಎಂದು ನಿಂತಳು, ಅವರು ಬೈಯಲಿಲ್ಲ, ನಾಳೆ ಬುಧವಾರ ನನ್ನ ಊಟದ ಹೊತ್ತಿಗೆ ಹಾಕಿ ಎಂದಷ್ಟೇ ಅಂದು ಮಾನಿಟರಿಗೆ ತಿರುಗಿದರು, ಊಟ ಬಿಟ್ಟು ಒಳಗೆ ಕೂತಿದ್ದಾರೆ ಈಗ, ಇಂಥವರ ಕೈಕೆಳಗೆ ಕೆಲಸ ಮಾಡೋದೂ ಪುಣ್ಯವೇ.

ಇಪ್ಪತ್ತಮೂರು. ಮಂಡಿ ಎಕ್ಸ್‌ರೇ ಆದರೆ ಟೋಕನ್ ಬೇಡಮ್ಮ, ನೇರ ನಾಲ್ಕನೇ ರೂಮಿಗೆ ಹೋಗಿ, ಬಾಗಿಲು, ಬಾಗಿಲು ತೆರೆಯಿತು, ಮೊದಲು ಬಂದದ್ದು ಡಾಕ್ಟರ್, ಕೈಗವಸು ಕಳಚುತ್ತ ಸೀದಾ ಕೌಂಟರಿನ ಪಕ್ಕಕ್ಕೆ ಬಗ್ಗಿ ಮೆಲ್ಲಗೆ ಹೇಳಿದರು, ತಾಹಿರಾ, ಸೂಜಿ ಹಾಕಿ ಗಂಟಿನ ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು, ಬೇಗ ಒಂದು ಡೇಟ್ ಕೊಡಿ, ನನಗೆ ಅನುಮಾನ ಇದೆ, ಆದರೆ ಚಿಕ್ಕದು, ಚಿಕ್ಕದಿರುವಾಗಲೇ ಬಂದಿದ್ದಾರೆ. ಅನುಮಾನ — ಚಿಕ್ಕದು — ಅನುಮಾನ — ಆದರೂ ಚಿಕ್ಕದು ಅಂದರಲ್ಲ, ಹದಿನೇಳು ದಿನ ಹೋಗಲಿಲ್ಲವಲ್ಲ, ಎರಡೇ ದಿನ, ಶುಕ್ರ್ ಅಲ್ಲಾ, ಶುಕ್ರ್, ಬಸ್ಸಿನಲ್ಲಿ ಕಂಬಿ ಹಿಡಿದು ನಿಂತವಳಿಗೂ ಶುಕ್ರ್, ಅವಳು ಕೂತಿದ್ದರೆ ಬೆರಳು ಕಾಣುತ್ತಲೇ ಇರಲಿಲ್ಲ, ಈಗ ಇವಳಿಗೇನು ಹೇಳಲಿ, ಡಾಕ್ಟರ್ ಹೇಳಿರುತ್ತಾರೆ, ಹೇಳಿದ್ದಾರೆ, ಮುಖ ನೋಡಿದರೆ ಗೊತ್ತಾಗುತ್ತದೆ, ಅಶ್ವತ್ಥಮ್ಮ ಸೆರಗು ಸರಿಮಾಡಿಕೊಳ್ಳುತ್ತ ಬರುತ್ತಿದ್ದಾಳೆ, ಸಾಲಿನವರು ಜಾಗ ಬಿಟ್ಟರು, ಅಳುತ್ತಿಲ್ಲ. ನಾಳೆ ಗುರುವಾರ, ಮರಿ ಹುಳ ಮನೆಗೆ ಬರುವ ದಿನ, ಇನ್ನೂ ಒಂದು ಕಾರಣ, ಈ ಸಲದ್ದು ನಿಜವಾದ ಕಾರಣ, ಮತ್ತೆ ತಿಂಗಳು ಸಿಕ್ಕುವುದಿಲ್ಲ ಇವಳು. ನಾಳೆ ಬೆಳಗ್ಗೆ ಒಂದು ಜಾಗ ಇದೆ ಅಮ್ಮಾ ಎಂದಳು ತಾಹಿರಾ, ಆದರೆ ನಾಳೆ ನಿಮಗೆ ಹುಳ — ಜೀವನದಲ್ಲಿ ಮೊದಲ ಸಲ ಆ ಪಂಚಾಂಗ ತೆರೆಯಬಾರದು ಅನ್ನಿಸಿತು, ಮಾತನ್ನು ಅರ್ಧಕ್ಕೇ ಬಿಟ್ಟಳು.

ನಾಳೆಗೇ ಹಾಕಮ್ಮ, ಅಂದಳು ಅಶ್ವತ್ಥಮ್ಮ. ಮರಿ ಬರ್ಲಿ, ನಮ್ಮ ಯಜಮಾನ್ರೇ ಇಳಿಸ್ಕೊಳ್ಳಲಿ, ಸೊಪ್ಪೂ ಅವ್ರೇ ಹಾಕ್ಲಿ. ಮನೇಲಿ ನಾನೇ ಹೇಳ್ತೀನಿ ಇವತ್ತು.

ತಾಹಿರಾ ಬರೆದಳು, ಗುರುವಾರ ಒಂಬತ್ತೂವರೆ, ಪ್ರಿಂಟು ಬಂತು, ಚೀಟಿಯನ್ನು ಕಿಂಡಿಗೆ ತಳ್ಳಿದಳು, ಆ ಕಡೆಯಿಂದ ಕೈ ಬಂತು, ಚೀಟಿ ತೆಗೆದುಕೊಳ್ಳುತ್ತದೆ ಅಂದುಕೊಂಡಳು, ತೆಗೆದುಕೊಳ್ಳಲಿಲ್ಲ, ಚೀಟಿಯನ್ನು ದಾಟಿ ಒಳಗೆ ಬಂದು ಅವಳ ಬೆರಳುಗಳನ್ನು ಹಿಡಿಯಿತು, ಹಸಿರು ಬಳೆ ಗಾಜಿಗೆ ತಾಗಿತು, ರೂಪ ಏನೋ ಅಂದಳು, ಫೋನ್ ಹೊಡೆದುಕೊಳ್ಳುತ್ತಿದೆ, ಸಾಲಿನಲ್ಲಿ ಯಾರೋ ಕೆಮ್ಮಿದರು, ಮುಂದಿನ ಟೋಕನ್, ಮುಂದಿನ ಟೋಕನ್ ನಲವತ್ತು, ಕರೆಯಬೇಕು, ಕರೆಯುತ್ತೇನೆ, ಕಿಂಡಿಯಲ್ಲಿ ಕೈ, ಐದು ಬೆರಳು, ಬಿಳಿ, ತಣ್ಣಗೆ, ಬಿಡುತ್ತಿಲ್ಲ, ಐದು ಬೆರಳು