ನಾಲ್ಕು ಸೆಕೆಂಡಿನ ಲಾಠಿ

ಸುದ್ದಿವಾಹಿನಿಯ ಮೂರನೇ ಮಹಡಿಯಲ್ಲಿ, ಕಿಟಕಿಯೇ ಇಲ್ಲದ ಎಡಿಟಿಂಗ್ ಕೋಣೆಯಲ್ಲಿ ಕೂತು ದೃಶ್ಯ ಕತ್ತರಿಸುವ ಅವಳನ್ನು ಆಫೀಸಿನವರೆಲ್ಲ ಕತ್ತರಿ ಎಂದೇ ಕರೆಯುತ್ತಿದ್ದರು. ಹನ್ನೊಂದು ವರ್ಷದಿಂದ ಅದೇ ಕುರ್ಚಿ, ಅದೇ ಎರಡು ಪರದೆ, ಬೆನ್ನಿಗೆ ಬಡಿಯುವ ಅದೇ ಏಸಿ ಗಾಳಿ. ವರದಿಗಾರರು ತಂದು ಸುರಿದದ್ದನ್ನು ಸೋಸಿ, ತೂಕಡಿಸುತ್ತಿರುವ ವೀಕ್ಷಕ ಎದ್ದು ಕೂರುವಂತೆ ಮಾಡುವುದು ಅವಳ ಕೆಲಸ. ಅದರಲ್ಲಿ ಅವಳದು ಎತ್ತಿದ ಕೈ.

ಅಲ್ಲೊಂದು ರೂಢಿಯಿತ್ತು. ಯಾವ ಸುದ್ದಿಯ ಮೂಲ ದೃಶ್ಯವೂ, ಪ್ರಸಾರವಾದ ಪ್ರತಿಯೂ ತೊಂಬತ್ತು ದಿನಕ್ಕಿಂತ ಹೆಚ್ಚು ಉಳಿಯುತ್ತಿರಲಿಲ್ಲ. ಜಾಗ ಸಾಲದೆಂದು ಯಂತ್ರವೇ ಅಳಿಸಿಹಾಕುತ್ತಿತ್ತು. ಅಷ್ಟರೊಳಗೆ, ಮುಂದೆ ಯಾವತ್ತಾದರೂ ಬೇಕಾದೀತು ಎನ್ನಿಸಿದ ತುಣುಕುಗಳನ್ನು ಎಡಿಟರ್ ಎತ್ತಿಡಬೇಕು. ಆಸ್ಪತ್ರೆಯ ಕಾರಿಡಾರು, ತಿರುಗುವ ಸೈರನ್ ದೀಪ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುವ ಹೆಂಗಸು. ಎಲ್ಲೋ ಏನೋ ನಡೆದು ಕ್ಯಾಮೆರಾ ಅಲ್ಲಿಗೆ ಮುಟ್ಟದೇ ಹೋದಾಗ ಇವೇ ಕೈಹಿಡಿಯುತ್ತವೆ. ಆಗ ಪರದೆಯ ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ ‘ಸಾಂದರ್ಭಿಕ ಚಿತ್ರ’ ಎಂದು ಹಾಕುತ್ತಾರೆ. ಅದನ್ನು ಓದಿದ ಒಬ್ಬ ಮನುಷ್ಯನನ್ನೂ ಅವಳು ಈವರೆಗೆ ಕಂಡಿಲ್ಲ.

ಆ ತುಣುಕುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ದುಡಿದದ್ದು ‘ಲಾಠಿ ಕ್ಲೋಸ್’ ಎಂದು ಹೆಸರಿಟ್ಟ ಕ್ಲೋಸಪ್. ಬರೀ ನಾಲ್ಕು ಸೆಕೆಂಡು. ಹಲ್ಲು ಕಚ್ಚಿಕೊಂಡ ಪೊಲೀಸಿನವನ ಮುಖ, ತಲೆಯ ಮೇಲೆ ಎತ್ತಿದ ಲಾಠಿ, ಹೆಂಗಸರ ಚೀರಾಟ, ಲಾಠಿ ಕೆಳಗಿಳಿಯುವ ಮೊದಲೇ ಕಟ್. ಎಲ್ಲಿಯ ಪೊಲೀಸರು ಏನು ಮಾಡಿದರೂ ಪರದೆಯ ಮೇಲೆ ಬರುತ್ತಿದ್ದದ್ದು ಆ ಮುಖ. ಅದು ಅವಳ ಭಾವನ ಮುಖ.

ತಾಯಿ ತೀರಿಕೊಂಡಾಗ ಅವಳಿಗೆ ಒಂಬತ್ತು ವರ್ಷ. ಅಕ್ಕ ಆಗಷ್ಟೇ ಮದುವೆಯಾಗಿದ್ದಳು. ಭಾವ ಮರುಮಾತಾಡದೆ ನಾದಿನಿಯನ್ನೂ ಮನೆಗೆ ಕರೆತಂದು, ಸೈಕಲ್ ಕಲಿಸಿ, ಲೆಕ್ಕ ಹೇಳಿಕೊಟ್ಟು ಸಾಕಿದ. ಪೊಲೀಸ್ ಪೇದೆಯಾಗಿ ಸೇರಿದವನು ದಫೇದಾರನಾಗಿದ್ದೇ ದೊಡ್ಡದು ಎಂದು ನಕ್ಕು ಸುಮ್ಮನಾಗುವ ಆಸಾಮಿ.

ಆರು ವರ್ಷದ ಹಿಂದೆ ಅವನು ಕಾವಲಿದ್ದ ವೃತ್ತದಲ್ಲಿ ಒಂದು ಬಸ್ಸಿಗೆ ಬೆಂಕಿ ಬಿತ್ತು. ಬಾಗಿಲು ಸಿಕ್ಕಿಹಾಕಿಕೊಂಡಿತ್ತು, ಒಳಗೆ ಜನ ಚೀರುತ್ತಿದ್ದರು. ಭಾವ ಲಾಠಿ ಎತ್ತಿ ಕಿಟಕಿಯ ಗಾಜಿಗೆ ಬಾರಿಸಿ, ಒಡೆದು, ಹೆಂಗಸೊಬ್ಬಳನ್ನು ತೋಳು ಹಿಡಿದು ಹೊರಗೆಳೆದ. ಅವಳ ಹಿಂದೆಯೇ ಉಳಿದವರೂ ಇಳಿದರು. ವಾಹಿನಿಯ ಕ್ಯಾಮೆರಾಕ್ಕೆ ಸಿಕ್ಕಿದ್ದು ಮೂವತ್ತೆಂಟು ಸೆಕೆಂಡು. ಕತ್ತರಿಯೇ ಅದನ್ನು ಎಡಿಟ್ ಮಾಡಿದಳು. ಅಕ್ಕ ಅಕ್ಕಪಕ್ಕದ ಮನೆಯವರನ್ನೆಲ್ಲ ಟೀವಿ ಮುಂದೆ ಕೂರಿಸಿದಳು. ಅಂದು ಸಂಜೆ ಕತ್ತರಿ ಕೇಕ್ ಹೊತ್ತುಕೊಂಡು ಹೋಗಿ ಗಂಟಲು ಕಟ್ಟುವವರೆಗೆ ಮಾತಾಡಿದ್ದಳು. ಏನೇನು ಆಡಿದಳೋ ಈಗ ಅವಳಿಗೇ ನೆನಪಿಲ್ಲ.

ಒಳ್ಳೆಯ ಸುದ್ದಿಗೆ ಆಯುಷ್ಯ ಕಡಿಮೆ. ಅದು ಎರಡು ಸಲ ಪ್ರಸಾರವಾಗಿ ಮೂಲೆ ಸೇರಿತು. ಎಂಬತ್ತೆಂಟನೆಯ ದಿನ, ಅಳಿಸುವ ಪಟ್ಟಿಯಲ್ಲಿ ಅದನ್ನು ಕಂಡಾಗ ಕತ್ತರಿಗೆ ಕಸುಬಿನ ಆಸೆ ಹುಟ್ಟಿತು. ಇಷ್ಟು ಹತ್ತಿರದಿಂದ, ಇಷ್ಟು ಒಳ್ಳೆ ಬೆಳಕಿನಲ್ಲಿ ಲಾಠಿ ಎತ್ತಿದ ಪೊಲೀಸಿನವನು ಸಿಗುವುದೇ ಅಪರೂಪ. ನಿಜವಾಗಿ ಹೊಡೆಯುವವರು ಮೊದಲು ಕ್ಯಾಮೆರಾವನ್ನೇ ಒಡೆಯುತ್ತಾರೆ. ಗಾಜು ಕಂಡರೆ ಯಾವ ಘಟನೆಯೆಂದು ಗೊತ್ತಾಗಿಬಿಡುತ್ತದೆ, ಆದ್ದರಿಂದ ಗಾಜು ಬರುವ ಮುಂಚೆ ಕತ್ತರಿಸಿದಳು. ಚೀರಾಟ ಚೆನ್ನಾಗಿತ್ತು, ಬಿಟ್ಟುಕೊಂಡಳು. ಉಳಿದ ಮೂವತ್ತನಾಲ್ಕು ಸೆಕೆಂಡನ್ನು ಎರಡು ದಿನ ಬಿಟ್ಟು ಯಂತ್ರ ನುಂಗಿತು.

ಮೊದಮೊದಲು ಮನೆಯಲ್ಲಿ ಅದೊಂದು ತಮಾಷೆ. “ನಿನ್ನ ಭಾವ ಮತ್ತೆ ಬಂದ್ರು ನೋಡೇ, ಸಿನಿಮಾ ಹೀರೋಗಳೂ ಇಷ್ಟು ಸಲ ಬರಲ್ಲ” ಎಂದು ಅಕ್ಕ ಅಡುಗೆಮನೆಯಿಂದಲೇ ಕೂಗುತ್ತಿದ್ದಳು. ಭಾವ ಮೀಸೆ ತಿರುವಿದಂತೆ ಮಾಡಿ ನಗಿಸುತ್ತಿದ್ದ. ಕತ್ತರಿಯೂ ನಕ್ಕಿದ್ದಳು. ಈಗ ಆ ನಗು ನೆನೆದರೆ ಅವಳಿಗೆ ಮೈ ಉರಿಯುತ್ತದೆ.

ಈ ವರ್ಷ ದೂರದ ಒಂದು ಠಾಣೆಯಲ್ಲಿ, ಲಾಕಪ್ಪಿನಲ್ಲಿ ಒಬ್ಬ ಸತ್ತ. ಹೊಡೆದೇ ಕೊಂದಿದ್ದರು, ಅದರಲ್ಲಿ ಎರಡು ಮಾತಿಲ್ಲ. ಜನ ರೊಚ್ಚಿಗೆದ್ದರು, ಏಳಲೇಬೇಕಿತ್ತು. ಆ ಠಾಣೆಯೊಳಗೆ ಯಾವ ಕ್ಯಾಮೆರಾಕ್ಕೂ ಪ್ರವೇಶ ಸಿಗಲಿಲ್ಲ. ಹಾಗಾಗಿ ಹನ್ನೊಂದು ದಿನ, ಗಂಟೆಗೆ ಇಪ್ಪತ್ತು ಸಲದಂತೆ, ಭಾವನ ಲಾಠಿ ಏಳುತ್ತಲೇ ಇತ್ತು. ಕತ್ತರಿ ಇಲ್ಲದ ಪಾಳಿಯಲ್ಲಿ ಇನ್ನೊಬ್ಬರು ಅದಕ್ಕೆ ಡೋಲಿನ ಸದ್ದು ಸೇರಿಸಿದರು.

ಭಾವನಿಗೆ ಆಗ ಪ್ರಾಥಮಿಕ ಶಾಲೆಯೊಂದರ ಗೇಟಿನ ಮುಂದೆ ಡ್ಯೂಟಿ. ಬೆಳಿಗ್ಗೆ, ಮಧ್ಯಾಹ್ನ ಪೀಪಿ ಊದಿ ಮಕ್ಕಳನ್ನು ರಸ್ತೆ ದಾಟಿಸುವುದು. ಮೂರು ವರ್ಷದಿಂದ ಮಕ್ಕಳಿಗೆ ಅವನು ಪೀಪಿ ಮಾಮ. ನಿವೃತ್ತಿಯವರೆಗೆ ಅಲ್ಲೇ ಇರುವುದೆಂದು ಹಟ ಹಿಡಿದು, ಬಂದ ಬಡ್ತಿಯನ್ನೂ ಬೇಡವೆಂದಿದ್ದ. ಹನ್ನೆರಡನೆಯ ದಿನ ಒಬ್ಬ ತಾಯಿ ಮಗಳ ಕಣ್ಣು ಮುಚ್ಚಿ ಎಳೆದುಕೊಂಡು ಹೋದಳು. ಆಮೇಲೆ ಅಪ್ಪಂದಿರು ಫೋನು ಎತ್ತಿ ಫೋಟೋ ಹೊಡೆಯತೊಡಗಿದರು. ಆ ವಾರದ ಕೊನೆಗೆ ನೂರ ನಲವತ್ತು ಪೋಷಕರ ಸಹಿ ಹೊತ್ತ ಅರ್ಜಿ ಭಾವನ ಠಾಣೆ ಮುಟ್ಟಿತು. ‘ಕೊಲೆಗಡುಕ ಪೊಲೀಸಿನವನನ್ನು ನಮ್ಮ ಮಕ್ಕಳಿಂದ ದೂರವಿಡಿ.’

ಇದನ್ನು ಭಾವ ಊಟದ ಮೇಜಿನ ಮುಂದೆ ಕೂತು ಹೇಳಿದ. ತಟ್ಟೆಯಲ್ಲಿದ್ದದ್ದು ಹಾಗೇ ಆರಿಹೋಗಿತ್ತು.

“ಸಾಹೇಬ್ರು ಕೆಟ್ಟೋರಲ್ಲ. ‘ನೀನು ಎಂಥವನು ಅಂತ ನನಗೆ ಗೊತ್ತು. ಆದ್ರೆ ನಾನು ಹೇಳಿದ್ರೆ ಪೊಲೀಸು ಪೊಲೀಸನ್ನ ಬಿಟ್ಟುಕೊಡಲ್ಲ ಅಂತಾರೆ. ಪೂರ್ತಿ ವಿಡಿಯೋ ತಾ, ಇಲ್ಲ ಆ ಬಸ್ಸಿನ ಹೆಂಗಸಿನ ಕೈಲಿ ಒಂದು ಕಾಗದ ಬರೆಸ್ಕೊಂಡು ಬಾ. ಸೋಮವಾರದವರೆಗೂ ಕಾಯ್ತೀನಿ’ ಅಂದ್ರು.”

“ಇಲ್ದಿದ್ರೆ?” ಅಂದಳು ಅಕ್ಕ.

“ಹಳೇ ಕಡತಗಳ ಕೋಣೆ. ಯಾರ ಕಣ್ಣಿಗೂ ಬೀಳದ ಹಾಗೆ.”

ಕತ್ತರಿ ಎರಡು ದಿನ ಹಳೆಯ ಡಿಸ್ಕುಗಳನ್ನೆಲ್ಲ ಜಾಲಾಡಿದಳು. ಮೂವತ್ತನಾಲ್ಕು ಸೆಕೆಂಡು ಎಲ್ಲೂ ಇರಲಿಲ್ಲ. ಕೊನೆಗೆ ಸುದ್ದಿ ಮುಖ್ಯಸ್ಥರ ಬಾಗಿಲು ತಟ್ಟಿದಳು.

“ಅದು ನಿಮ್ಮ ಭಾವ ಅಂತ ನಾವು ಎಲ್ಲಾದ್ರೂ ಹೇಳಿದ್ವಾ? ಸಾಂದರ್ಭಿಕ ಚಿತ್ರ ಅಂತ ಹಾಕಿದೀವಲ್ಲಮ್ಮ.”

“ಅದನ್ನ ಯಾರು ಓದ್ತಾರೆ ಸರ್?”

“ಓದದೇ ಇದ್ರೆ ಅದು ಅವರ ತಪ್ಪು.”

“ಬಸ್ಸಿನ ಸುದ್ದಿ ಇನ್ನೊಂದು ಸಲ ಹಾಕೋಣ ಸರ್. ನಾನೇ ಬರೀತೀನಿ.”

“ಈ ಹೊತ್ತಲ್ಲಿ ಪೊಲೀಸರು ಒಳ್ಳೆಯವರು ಅಂದ್ರೆ ಜನ ನಮ್ಮ ಮುಖಕ್ಕೆ ಉಗೀತಾರೆ. ಸ್ವಲ್ಪ ತಣ್ಣಗಾಗ್ಲಿ.”

ಮುಖ್ಯಸ್ಥರು ಕೆಟ್ಟವರೇನಲ್ಲ. ಕತ್ತರಿಗೆ ಕಾಯಿಲೆಯಾದಾಗ ಆಸ್ಪತ್ರೆಗೆ ಹಣ್ಣು ತಂದವರು. ಈ ಕತೆಯಲ್ಲಿ ಕಾಲರ್ ಹಿಡಿದು ಕೇಳಲು ಒಬ್ಬ ಕೆಟ್ಟವನಾದರೂ ಸಿಕ್ಕಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದು ಅವಳಿಗೆ ಅನ್ನಿಸಿತು.

ಯಾರನ್ನೂ ಕೇಳದೆ ಅವಳು ‘ಲಾಠಿ ಕ್ಲೋಸ್’ ಅಳಿಸಿದಳು. ಅರ್ಧ ಗಂಟೆ ಎದೆ ಹಗುರಾಗಿತ್ತು. ಕೆಳಗೆ ಚಹಾ ಅಂಗಡಿಗೆ ಹೋದರೆ ಅಲ್ಲಿಯ ಟೀವಿಯಲ್ಲಿ ಬೇರೆ ವಾಹಿನಿ, ಬೇರೆ ಲಾಂಛನ, ಅದೇ ಲಾಠಿ. ಪಕ್ಕದಲ್ಲಿ ನಿಂತವನೊಬ್ಬ ಲೋಟ ಕೆಳಗಿಟ್ಟು, “ಮುಖ ನೋಡಿ, ಹುಟ್ಟು ಕಟುಕ” ಎಂದ.

ಉಳಿದದ್ದು ಆ ಹೆಂಗಸು. ಅಂದಿನ ವರದಿಗಾರನ ಹಳೆಯ ಡೈರಿಯಲ್ಲಿ ವಿಳಾಸ ಸಿಕ್ಕಿತು. ಭಾನುವಾರ ಬೆಳಿಗ್ಗೆ ಇಬ್ಬರೂ ಹೊರಟರು. ಭಾವ ಮಾಮೂಲಿ ಬಟ್ಟೆಯಲ್ಲಿದ್ದ, ಜೇಬಿನಲ್ಲಿ ಮಡಚಿದ ಬಿಳಿ ಹಾಳೆ. ದಾರಿಯಲ್ಲಿ ಮೂರು ಸಲ ಅದೇ ಮಾತು ಹೇಳಿದ.

“ನಾನೇ ಅಂತ ನೀನು ಮೊದ್ಲೇ ಬಾಯಿ ಬಿಡ್ಬೇಡ ಪುಟ್ಟಿ. ಗುರುತು ಹಿಡಿಸೋವಾಗ ನಾವು ಸುಳಿವು ಕೊಡಬಾರದು. ಅವರೇ ಹೇಳ್ಬೇಕು. ಇಲ್ದಿದ್ರೆ ಆ ಮಾತಿಗೆ ಬೆಲೆ ಇರಲ್ಲ.”

ಮೂವತ್ತು ವರ್ಷ ಮೈಗೆ ಹತ್ತಿದ ಠಾಣೆಯ ಪಾಠ. ಅವಳು ಹೂಂ ಅಂದಳು.

ಆಕೆ ದರ್ಜಿ. ಒಂದೇ ಕೋಣೆ, ಕಿಟಕಿಗೆ ಒರಗಿದ ಹೊಲಿಗೆ ಯಂತ್ರ, ಹಗ್ಗದ ಮೇಲೆ ಗುಂಡಿ ಹಾಕದ ಅಂಗಿಗಳು, ಮೂಲೆಯಲ್ಲಿ ಸಣ್ಣ ದನಿಯಲ್ಲಿ ಟೀವಿ. ಟೀವಿಯವರು ಬಂದಿದ್ದಾರೆಂದು ಆಕೆಗೆ ಸಂಭ್ರಮ. ಕತ್ತರಿಗೆ ಕುರ್ಚಿ ಕೊಟ್ಟು, ಬಾಗಿಲ ಬಳಿಯ ನೆರಳಿನಲ್ಲಿ ನಿಂತ ಭಾವನಿಗೆ ಸ್ಟೂಲು ತೋರಿಸಿದಳು.

“ಅವತ್ತು ಸತ್ತೇ ಅಂದ್ಕೊಂಡಿದ್ದೆ. ಡ್ರೈವರಣ್ಣ ದೇವರ ಹಾಗೆ ಬಂದ.”

“ಡ್ರೈವರಾ?”

“ಹೂಂ, ಖಾಕಿ ಅಂಗಿ ಹಾಕಿದ್ದ. ಎರಡೂ ತೋಳು ಹಿಡಿದು ಎಳೆದ. ‘ಕಣ್ಣು ಮುಚ್ಕೊಳ್ಳಮ್ಮ, ಗಾಜಿದೆ’ ಅಂದ. ಮುಖ ನೋಡೋಕೆ ಆಗ್ಲಿಲ್ಲ, ಬರೀ ಹೊಗೆ. ಎಲ್ಲಿದ್ದಾನೋ ಪುಣ್ಯಾತ್ಮ, ಚೆನ್ನಾಗಿರ್ಲಿ.”

“ಪೊಲೀಸರು ಯಾರೂ ಇರ್ಲಿಲ್ವಾ?”

“ಇದ್ದನಲ್ಲ ಒಬ್ಬ! ದಿನಾ ತೋರಿಸ್ತೀರಲ್ಲ, ಹಲ್ಲು ಕಚ್ಕೊಂಡಿರ್ತಾನೆ. ನಾವು ಒಳಗೆ ಬೇಯ್ತಾ ಇದ್ರೆ ಅವನು ಹೊರಗೆ ಜನಕ್ಕೆ ಬಾರಿಸ್ತಾ ಇದ್ದ. ಮೊದಲನೇ ಸಲ ನೋಡ್ದಾಗ್ಲೇ ಗೊತ್ತಾಯ್ತು. ಅದರಲ್ಲಿ ಚೀರೋದು ನಾನೇ, ನನ್ನ ದನಿ ನನಗೆ ಗೊತ್ತಾಗಲ್ವಾ?”

ಭಾವ ನೆಲ ನೋಡುತ್ತಿದ್ದ. ಕತ್ತರಿಗೆ ತಡೆಯಲಾಗಲಿಲ್ಲ. ಪಾಠ, ಸುಳಿವು ಎಲ್ಲ ಗಾಳಿಗೆ ಹೋಯಿತು.

“ಅಮ್ಮಾ, ಗಾಜು ಒಡೆದು ನಿಮ್ಮನ್ನ ಎಳೆದೋರು ಇವರೇ. ಡ್ರೈವರಲ್ಲ. ಸರಿಯಾಗಿ ನೋಡಿ.”

ಆಕೆ ಎದ್ದು ಬಂದು ನೋಡಿದಳು. ಕತ್ತರಿ ಆ ಕಣ್ಣುಗಳನ್ನೇ ನೋಡುತ್ತಿದ್ದಳು. ಗುರುತು ಸಿಕ್ಕಿತು. ಸಿಕ್ಕಿದ ಕ್ಷಣವೇ ಆಕೆ ಹಿಂದಕ್ಕೆ ಸರಿದು ಹೊಲಿಗೆ ಯಂತ್ರಕ್ಕೆ ತಾಗಿ ನಿಂತಳು.

“ಸ್ವಾಮಿ, ನಾನು ಒಬ್ಬಳೇ ಇರೋಳು” ಎಂದು ಕೈಜೋಡಿಸಿದಳು. “ಯಾರ ಹತ್ರಾನೂ ಏನೂ ಹೇಳಿಲ್ಲ. ಏನು ಬರೀಬೇಕೋ ನೀವೇ ಬರ್ಕೊಳ್ಳಿ. ಎಲ್ಲಿ ಸೈನ್ ಹಾಕ್ಬೇಕು ತೋರಿಸಿ, ಹಾಕ್ತೀನಿ.”

ಭಾವನ ಕೈ ಆಗಲೇ ಜೇಬಿನಿಂದ ಹಾಳೆ ತೆಗೆದಿತ್ತು. ಒಂದು ಸಹಿ, ಅಷ್ಟೇ. ಆಕೆ ಹಾಕಲು ಸಿದ್ಧಳಿದ್ದಳು, ಬರೆಯುವುದೂ ನಿಜವೇ ಆಗಿರುತ್ತಿತ್ತು. ಕತ್ತರಿ ಮನಸ್ಸಿನಲ್ಲೇ ಬೇಡಿಕೊಂಡಳು: ಬರೆಸಿಕೋ ಭಾವ, ದಮ್ಮಯ್ಯ, ಬರೆಸಿಕೊಂಡುಬಿಡು.

ಅವನು ಹಾಳೆಯನ್ನು ಮತ್ತೆ ನಾಲ್ಕಾಗಿ ಮಡಚಿ ಜೇಬಿಗಿಟ್ಟ.

“ಏನೂ ಬೇಡಮ್ಮ. ಮೊಣಕೈ ಗಾಯ ಮಾಸಿತಾ? ಆಳಕ್ಕೆ ಹೋಗಿತ್ತು ಗಾಜು.”

ಆಕೆ ಸೆರಗನ್ನು ತೋಳಿನ ಮೇಲೆ ಎಳೆದುಕೊಂಡಳು. “ಅದನ್ನೂ ಟೀವಿಲಿ ತೋರಿಸಿದ್ರಾ?”

ಇಬ್ಬರೂ ಮೆಟ್ಟಿಲಿಳಿದು ಬೀದಿಗೆ ಬಂದರು. ಹಿಂದೆ ಬಾಗಿಲಿಗೆ ಒಂದಲ್ಲ, ಎರಡು ಚಿಲಕ ಹಾಕಿದ ಸದ್ದು ಕೇಳಿತು.

“ಯಾಕೆ ಭಾವ? ನಿಜಾನೇ ಬರೆಸ್ತಿದ್ವಲ್ಲ!”

“ಹೆದರಿಸಿ ಬರೆಸಿಕೊಂಡ್ರೆ ನಾನು ಟೀವಿಲಿರೋನೇ ಆಗ್ತೀನಿ ಪುಟ್ಟಿ.”

ಅವಳಿಗೆ ಅಳು ಒತ್ತರಿಸಿ ಬಂತು. ಇಷ್ಟು ದಿನ ಮನೆಯಲ್ಲಿ ಎಲ್ಲರೂ ‘ನಿಮ್ಮ ಚಾನೆಲ್‌ನವರು ಯಾರೋ’ ಎನ್ನುತ್ತಿದ್ದಾಗ ತಲೆಯಾಡಿಸಿದ್ದ ನಾಚಿಕೆಯೆಲ್ಲ ಬಾಯಿಗೆ ಬಂತು. “ಅದನ್ನ ಕತ್ತರಿಸಿದ್ದು ನಾನೇ ಭಾವ.”

“ಗೊತ್ತು.”

“ಗೊತ್ತಾ?”

“ಎತ್ತಿಡ್ತೀನಿ ಅಂತ ನೀನೇ ಹೇಳಿದ್ದೆ, ಕೇಕ್ ತಂದ ದಿನ. ‘ಭಾವ, ನಿಮ್ಮ ಮುಖ ಎಷ್ಟು ಚೆನ್ನಾಗಿ ಬಂದಿದೆ ಗೊತ್ತಾ, ಇದನ್ನ ಯಾವತ್ತೂ ಅಳಿಸೋಕೆ ಬಿಡಲ್ಲ’ ಅಂದೆ.” ಅವನು ನಗಲು ನೋಡಿದ. “ಅಕ್ಕಂಗೆ ಹೇಳ್ಬೇಡ. ಅವಳು ನೊಂದ್ಕೋತಾಳೆ.”

ಅವನು ಒಂದು ಮಾತು ಬೈದಿದ್ದರೆ ಅವಳು ಹೇಗೋ ತಡೆದುಕೊಳ್ಳುತ್ತಿದ್ದಳು. ಅವನು ಬೈಯಲಿಲ್ಲ. ಬಸ್ಸು ಬಂತು, ಹತ್ತಿದರು. ಎದುರು ಸೀಟಿನ ಹೆಂಗಸು ಒಮ್ಮೆ ಅವನನ್ನು ದಿಟ್ಟಿಸಿ ನೋಡಿ, ಚೀಲ ಎತ್ತಿಕೊಂಡು ಹಿಂದಿನ ಸೀಟಿಗೆ ಹೋದಳು.

ಸೋಮವಾರ ಭಾವ ಪೀಪಿಯನ್ನು ಠಾಣೆಗೆ ಒಪ್ಪಿಸಿ ಕಡತಗಳ ಕೋಣೆಗೆ ಹೋದ. ಶಾಲೆಯ ಗೇಟಿಗೆ ಹೊಸಬನೊಬ್ಬ ಬಂದ. ಪೀಪಿ ಮಾಮ ಎಲ್ಲಿ ಎಂದು ಕೇಳಿದ ಮಕ್ಕಳಿಗೆ ದೊಡ್ಡವರು ಏನು ಹೇಳಿದರೋ, ಮರುದಿನದಿಂದ ಯಾರೂ ಕೇಳಲಿಲ್ಲವಂತೆ.

ಅದೇ ವಾರ ಮುಖ್ಯಸ್ಥರು ಕತ್ತರಿಯ ಕೋಣೆಗೆ ಬಂದರು. “ಲೈಬ್ರರೀಲಿ ಲಾಠಿ ಕಾಣಿಸ್ತಿಲ್ಲ. ಆಯ್ತು ಬಿಡಿ, ನಿಮ್ಮ ಕಷ್ಟ ಅರ್ಥ ಆಗುತ್ತೆ. ಹೊಸದೊಂದು ಎತ್ತಿಡಿ. ಮೂರು ಗಂಟೆ ಬುಲೆಟಿನ್‌ಗೆ ಬೇಕು.”

ಇನ್ನೂ ಅಳಿಯದ ಮೂಲ ದೃಶ್ಯಗಳಲ್ಲಿ ಒಂದಿತ್ತು. ಕಳೆದ ವಾರದ ಗಾಳಿಗೆ ವಿದ್ಯುತ್ ತಂತಿ ರಸ್ತೆಗೆ ಬಿದ್ದು, ಎಳೆಯ ಪೇದೆಯೊಬ್ಬ ಲಾಠಿ ಬೀಸಿ ಜನರನ್ನು ಹಿಂದಕ್ಕೆ ಅಟ್ಟುತ್ತಿದ್ದ. ಭಯಕ್ಕೆ ಅವನ ಮುಖ ಗಂಟಿಕ್ಕಿತ್ತು. ಬೆಳಕು ಚೆನ್ನಾಗಿತ್ತು. ಅವಳು ಒಂದು ನಿಮಿಷ ಹತ್ತು ಸೆಕೆಂಡನ್ನೂ ಮೊದಲಿಂದ ಕೊನೆಯವರೆಗೆ ಎರಡು ಸಲ ನೋಡಿದಳು. ಆಮೇಲೆ ತಂತಿ ಕಾಣದ ಕಡೆ ಕತ್ತರಿಸಿ, ಮುಖವನ್ನು ಮಸುಕು ಮಾಡಿ ಕಳಿಸಿದಳು.

ಎರಡೇ ನಿಮಿಷಕ್ಕೆ ಫೋನು ಬಂತು. “ಮುಖ ಕಾಣ್ಬೇಕಮ್ಮ. ಮುಖ ಇಲ್ದಿದ್ರೆ ಜನಕ್ಕೆ ಏನು ಅನ್ಸುತ್ತೆ?”

ಗೋಡೆ ಗಡಿಯಾರದಲ್ಲಿ ಎರಡು ಐವತ್ತಾರು. ತಾನು ಮಾಡದಿದ್ದರೆ ಪಕ್ಕದ ಕೋಣೆಯವನು ಮಾಡುತ್ತಾನೆ, ಡೋಲೂ ಸೇರಿಸುತ್ತಾನೆ. ಆ ಪೇದೆಗೂ ಮನೆಯಲ್ಲಿ ಟೀವಿ ಇರುತ್ತದೆ, ಟೀವಿ ಮುಂದೆ ಕೂರುವವರು ಯಾರೋ ಇರುತ್ತಾರೆ. ಮೂಲೆಯ ‘ಸಾಂದರ್ಭಿಕ ಚಿತ್ರ’ವನ್ನು ಅವಳು ಎರಡು ಪಟ್ಟು ದೊಡ್ಡದು ಮಾಡಿದಳು. ಯಂತ್ರ ಒಪ್ಪಲಿಲ್ಲ. ಆ ಅಕ್ಷರದ ಗಾತ್ರ ಬದಲಿಸುವ ಅಧಿಕಾರ ಅವಳಿಗಿರಲಿಲ್ಲ. ಮಸುಕು ತೆಗೆದು ಕಳಿಸಿದಳು.